ಯಾರ ಕೈಯಾಗ ಇರತೈತಿ?

ನನ್ನ ಹತ್ತಿರ ಒಂದು ತಗಡಿನ ಟ್ರಂಕು, ಎರಡು ಹಾರ್ಡ್ ಡಿಸ್ಕು, ಮೂರು ದಪ್ಪ ನೋಟ್‌ಬುಕ್ಕುಗಳಿವೆ. ಟ್ರಂಕಿನಲ್ಲಿ ಕ್ಯಾಸೆಟ್ಟು, ಫೋಟೊ, ಪತ್ರ, ಸಂಘದ ಮೀಟಿಂಗ್ ಪುಸ್ತಕ, ಎರಡು ಸೀರೆ, ತಂತಿ ಹರಿದ ಒಂದು ಚೌಡಿಕೆ ವಾದ್ಯ. ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ಸುತ್ತಿನ ಜೋಗಪ್ಪಗಳು, ಹಿಜ್ರಾಗಳು, ಹೆಣ್ಣುಭಾವದ ಗಂಡಸರಾದ ಕೋತಿಗಳು, ತಮಗೊಂದು ಹೆಸರೇ ಇಟ್ಟುಕೊಳ್ಳದೆ ಬದುಕಿ ಹೋದವರು ಬಿಟ್ಟದ್ದು, ಕೊಟ್ಟದ್ದು, ಕೆಲವೊಮ್ಮೆ ನಾನು ಕಾಡಿ ಬೇಡಿ ತಂದದ್ದು ಇವೆಲ್ಲ.

2005ರಲ್ಲಿ ನಾನು ಎಚ್‌ಐವಿ ತಡೆಯ ಯೋಜನೆಯೊಂದರಲ್ಲಿ ಕ್ಷೇತ್ರ ಕಾರ್ಯಕರ್ತನಾಗಿ ಸೇರಿದೆ. ರಾಜ್ಯದಲ್ಲಿ ಆಗ ಸೋಂಕು ಹೆಚ್ಚಿದ್ದ ಜಿಲ್ಲೆಗಳಲ್ಲಿ ಬಾಗಲಕೋಟೆಯೂ ಒಂದು. ಬಸ್‌ಸ್ಟ್ಯಾಂಡು, ಜಾತ್ರೆ, ದಾಬಾ ಅಂತ ತಿರುಗಿ ಕಾಂಡೋಮ್ ಹಂಚುವುದು, ರಕ್ತಪರೀಕ್ಷೆಗೆ ಕರೆದೊಯ್ಯುವುದು ಕೆಲಸ. ನಾನೂ ಈ ಬಳಗದವನೇ, ಆದರೆ ಪ್ಯಾಂಟು-ಅಂಗಿಯವನು, ಮನೆಯಲ್ಲಿ ಬಾಯಿಬಿಡದವನು. ಆ ವರ್ಷಗಳಲ್ಲಿ ಎಷ್ಟೋ ಜನರನ್ನು ಮಣ್ಣು ಮಾಡಿ ಬಂದೆವು. ಮಣ್ಣು ಮಾಡಿ ಮನೆಗೆ ಬರುವಷ್ಟರಲ್ಲಿ ಅಣ್ಣತಮ್ಮಂದಿರು ಅವರ ಸೀರೆ, ಬಳೆ, ಫೋಟೊಗಳನ್ನು ಹಿತ್ತಲಲ್ಲಿ ಸುಟ್ಟಿರುತ್ತಿದ್ದರು. 2014ರ ಏಪ್ರಿಲ್ 15ರಂದು ಸುಪ್ರೀಂ ಕೋರ್ಟು ನಾಲ್ಸಾ ಪ್ರಕರಣದಲ್ಲಿ ತೃತೀಯ ಲಿಂಗವನ್ನು ಒಪ್ಪಿದ ಸಂಜೆ ನವನಗರದಲ್ಲಿ ನಾವು ಹತ್ತು ಹನ್ನೆರಡು ಮಂದಿ ಕೂಡಿದ್ದೆವು. ನಮ್ಮಲ್ಲೇ ಸಣ್ಣವಳೊಬ್ಬಳು ಕೇಳಿದಳು: "ನಮ್ಮಕಿಂತ ಮೊದಲ ಇಲ್ಲಿ ಯಾರ್‌ಯಾರು ಇದ್ರು?" ತಂತಮ್ಮ ಗುರುವಿನ ಗುರುವಿನ ಹೆಸರು ಹೇಳುವಷ್ಟಕ್ಕೆ ಎಲ್ಲರ ಮಾತೂ ನಿಂತಿತು. ಮರುವಾರ ನಾನು ಹಳೆ ಬಜಾರಿನಲ್ಲಿ ಟ್ರಂಕು ಕೊಂಡೆ. ಈ ಕೆಲಸವನ್ನು ನನಗೆ ಯಾರೂ ಕಲಿಸಲಿಲ್ಲ. ಕೆಡಿಸಿ ಕೆಡಿಸಿಯೇ ಕಲಿತೆ. ನನ್ನಂತೆ ಹೊರಡುವವರು ಅವೇ ವಸ್ತುಗಳನ್ನು, ಅವೇ ಮನಸ್ಸುಗಳನ್ನು ಮತ್ತೆ ಕೆಡಿಸಬಾರದೆಂದು ಬರೆಯುತ್ತಿದ್ದೇನೆ.

1. ಮೊದಲ ಸಲ ಹೋಗುವಾಗ ರೆಕಾರ್ಡರ್ ಒಯ್ಯಬೇಡಿ.

ಅದೇ ವರ್ಷದ ಮೇ ತಿಂಗಳು. ಇಳಕಲ್ಲಿನಲ್ಲಿ ಮಗ್ಗದ ಸಪ್ಪಳ ಕೇಳುವ ಓಣಿಯೊಂದರಲ್ಲಿ ಎಪ್ಪತ್ತು ದಾಟಿದ ಒಬ್ಬ ಜೋಗವ್ವ ಇದ್ದಳು. ಗಂಡಾಗಿ ಹುಟ್ಟಿ, ಮೀಸೆ ಮೂಡುವ ಮೊದಲೇ ಎಲ್ಲಮ್ಮ ದೇವಿಗೆ ಸಮರ್ಪಣೆಯ ಮುತ್ತು ಕಟ್ಟಿಸಿಕೊಂಡು ಸೀರೆ ಉಟ್ಟವಳು. ಆ ಕಡೆಯ ಹಾಡುಗಳೆಲ್ಲ ಆಕೆಗೆ ಬರುತ್ತವೆ ಅಂತ ಕೇಳಿದ್ದೆ. ನಾನು ಕೂತ ಕೂಡಲೇ ಚೀಲದಿಂದ ರೆಕಾರ್ಡರ್ ತೆಗೆದು ಮುಂದಿಟ್ಟೆ. ಮೊದಲ ಪ್ರಶ್ನೆ: "ಅವ್ವಾ, ನಿಮಗ ಮುತ್ತು ಕಟ್ಟಿದವ್ರು ಯಾರು?"

ಆಕೆ ಉತ್ತರಿಸಲಿಲ್ಲ. ಯಂತ್ರವನ್ನು ನೋಡಿ ಕೇಳಿದಳು: "ಇದು ಯಾರ ಕೈಯಾಗ ಇರತೈತಿ ತಮ್ಮಾ?"

"ಎಲ್ಲಾರ ಕೈಯಾಗೂ ಇರತೈತಿ ಅವ್ವಾ. ಯಾರು ಬೇಕಾದ್ರೂ ಕೇಳಬಹುದು," ಅಂದೆ. ಅದು ದೊಡ್ಡ ಮಾತು, ಒಳ್ಳೆಯ ಮಾತು ಅಂತಲೇ ನಂಬಿದ್ದೆ.

"ಎಲ್ಲಾರ ಕೈಯಾಗ ಅಂದ್ರ ಪೊಲೀಸ್ರ ಕೈಯಾಗೂ ಅಲ್ಲೇನು?" ಅನ್ನುತ್ತ ಆಕೆ ತೊಡೆಯ ಮೇಲಿದ್ದ ಚೌಡಿಕೆಯನ್ನು ಎತ್ತಿ ಗೂಟಕ್ಕೆ ಸಿಗಿಸಿದಳು. ಒಂದು ತಂಬಿಗೆ ಮಜ್ಜಿಗೆ ಕೊಟ್ಟು ಕಳಿಸಿದಳು.

ನಾನು ಕೇಳಿದ್ದು ಎಂಥ ಪ್ರಶ್ನೆ ಅಂತ ಬಸ್ಸಿನಲ್ಲಿ ಕೂತ ಮೇಲೆ ಹೊಳೆಯಿತು. ದೇವದಾಸಿ ಸಮರ್ಪಣೆಯನ್ನು ಕರ್ನಾಟಕ 1982ರ ಕಾಯ್ದೆಯಿಂದ ನಿಷೇಧಿಸಿತ್ತು. ಸಮರ್ಪಣೆ ಮಾಡಿದವರಿಗೂ ಅದರಲ್ಲಿ ಪಾಲ್ಗೊಂಡವರಿಗೂ ಶಿಕ್ಷೆ ಇತ್ತು. ಆ ಕಾಯ್ದೆ ಬಂದದ್ದು ಹೆಣ್ಣುಮಕ್ಕಳನ್ನು ಉಳಿಸಲು, ಅದು ಬೇಕಾಗಿಯೂ ಇತ್ತು. ಆದರೆ ಅಂದಿನಿಂದ ಮುತ್ತು ಕಟ್ಟುವ ಮಾತೇ ಪಿಸುಮಾತಾಯಿತು, ಜೋಗಪ್ಪಗಳೂ ಅದೇ ಹೆದರಿಕೆಯಲ್ಲಿ ಬದುಕಿದರು. ಆಕೆಯ ಮುತ್ತು ಕಾಯ್ದೆಗಿಂತ ಎಷ್ಟೋ ಹಿಂದಿನದು. ಆದರೆ ಆಕೆಯ ಗುರುವಿನ ಕೈಯಲ್ಲಿ ಆಮೇಲೆಯೂ ಯಾರಾದರೂ ಕಟ್ಟಿಸಿಕೊಂಡಿರಬಹುದು, ಅವರು ಈಗಲೂ ಅದೇ ಓಣಿಯಲ್ಲಿರಬಹುದು. ನಾನು ಇತಿಹಾಸ ಕೇಳುತ್ತಿದ್ದೇನೆ ಅಂದುಕೊಂಡಿದ್ದೆ. ಆಕೆಯ ಕಿವಿಗೆ ಬಿದ್ದದ್ದು ಠಾಣೆಯ ಪ್ರಶ್ನೆ.

ಮುಂದಿನ ಐದು ಸಲ ಬರಿಗೈಯಲ್ಲಿ ಹೋದೆ. ಮಂಗಳವಾರ, ಶುಕ್ರವಾರ ಆಕೆ ಜೋಗಕ್ಕೆ, ಅಂದರೆ ಮನೆಮನೆ ಬೇಡಲು, ಹೊರಟರೆ ಜೋಳದ ಚೀಲ ಹೊತ್ತು ಹಿಂದೆ ನಡೆದೆ. ಯಾವ ಮನೆಯವರು ಕಾಲು ಮುಟ್ಟುತ್ತಾರೆ, ಯಾವ ಮನೆಯ ಹುಡುಗರು ಕೂಗುತ್ತಾರೆ, ಯಾವ ಬಾಗಿಲ ಮುಂದೆ ಆಕೆ ನಿಲ್ಲುವುದೇ ಇಲ್ಲ, ಎಲ್ಲ ನೋಡಿದೆ. ಅದನ್ನು ಯಾವ ಯಂತ್ರವೂ ಹಿಡಿಯುತ್ತಿರಲಿಲ್ಲ. ಆರನೇ ಸಲ ಆಕೆಯೇ ಕೇಳಿದಳು: "ಆ ಡಬ್ಬಿ ತಂದಿಯೇನು?" ತಂದಿರಲಿಲ್ಲ.

2. ನಮ್ಮವರಿಗೆ ಪಟ್ಟಿ ಅಂದರೆ ಏನು ಅಂತ ಮೊದಲು ತಿಳಿಯಿರಿ.

ಇದು ನಾನು ಮಾಡಿದ ತಪ್ಪುಗಳಲ್ಲೇ ದೊಡ್ಡದು. ನೆನೆದರೆ ಈಗಲೂ ಮೈ ಬೆವರುತ್ತದೆ.

ಯೋಜನೆಯ ಕೆಲಸ ಕಲಿಸಿದ ಚಟ, ಎಲ್ಲವನ್ನೂ ಕಾಲಂ ಹಾಕಿ ಬರೆಯುವುದು. 2015ರಲ್ಲಿ ಕಂಪ್ಯೂಟರಿನಲ್ಲಿ ಒಂದು ಪಟ್ಟಿ ತೆರೆದೆ: ಹುಟ್ಟಿದಾಗಿನ ಹೆಸರು, ಈಗಿನ ಹೆಸರು, ಊರು, ಓಣಿ, ಗುರುವಿನ ಹೆಸರು, ಫೋನ್ ನಂಬರು, ಕೊಟ್ಟ ವಸ್ತು. ನಾಲ್ಕೂ ಊರುಗಳ ಸುತ್ತಿನ ಮಾಹಿತಿ ಒಂದೇ ಕಡೆ ಸಿಗುತ್ತದೆ ಅಂತ ಖುಷಿಯಿತ್ತು. ಬರೆದುಕೊಳ್ಳಲು ಹೋದಲ್ಲೆಲ್ಲ ಎರಡು ಬಗೆಯ ಮುಖ ಕಂಡೆ. ಕೆಲವರು ಆಸೆಯಿಂದ ಹತ್ತಿರ ಬಂದರು; ಸರ್ಕಾರದ ಮೈತ್ರಿ ಯೋಜನೆಯ ಮಾಸಾಶನಕ್ಕೆ ಹೆಸರು ಹಚ್ಚುತ್ತಿದ್ದೇನೆ ಅಂತ ಅವರು ತಿಳಿದಿದ್ದರು. ಉಳಿದವರು ಬಾಗಿಲು ಹಾಕಿಕೊಂಡರು. ಆಸೆ ಪಟ್ಟವರಿಗೆ ನಾನು ಅಲ್ಲಲ್ಲೇ ಬಿಡಿಸಿ ಹೇಳಬೇಕಿತ್ತು. ಕೆಲವರಿಗೆ ಹೇಳಲಿಲ್ಲ, ಬೇಗ ಕೆಲಸ ಮುಗಿಯಲಿ ಅಂತ. ಆರು ತಿಂಗಳಾದ ಮೇಲೆ ಒಬ್ಬಾಕೆ ಫೋನ್ ಮಾಡಿ, "ಅಣ್ಣಾ, ಆ ರೊಕ್ಕ ಯಾವಾಗ ಬರತೈತಿ?" ಅಂದಾಗ ಗಂಟಲು ಕಟ್ಟಿತು.

ಬಾಗಿಲು ಹಾಕಿಕೊಂಡವರ ಹೆದರಿಕೆಯ ಬೇರು ಎಷ್ಟು ಆಳದ್ದು ಅಂತ ಓದಿ ತಿಳಿದೆ. ಬ್ರಿಟಿಷರ 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆಯ ಎರಡನೇ ಭಾಗ ಇದ್ದದ್ದೇ ನಮ್ಮಂಥವರಿಗಾಗಿ. ಉತ್ತರ ಹಿಂದೂಸ್ತಾನದಲ್ಲಿ ಅಂಥವರ ಹೆಸರು, ವಾಸ, ಆಸ್ತಿಯ ಪಟ್ಟಿ ಮಾಡಿಟ್ಟರು. ಪಟ್ಟಿಯಲ್ಲಿದ್ದವರು ಹೆಣ್ಣಿನ ಉಡುಗೆಯಲ್ಲಿ ಬೀದಿಗೆ ಬಂದರೆ, ಕುಣಿದರೆ ಹಿಡಿಯಬಹುದಿತ್ತು. ನಿಜಾಮರ ಹೈದರಾಬಾದಿನಲ್ಲಿ 1329 ಫಸಲಿಯಲ್ಲಿ, ಅಂದರೆ 1919ರ ಸುಮಾರಿಗೆ, ಇಂಥದೇ ಕಾಯ್ದೆ ಬಂತು. ಇಳಕಲ್ ಆಗ ಮುಂಬೈ ಪ್ರಾಂತ್ಯದ ವಿಜಾಪುರ ಜಿಲ್ಲೆಯಲ್ಲಿ. ಪಕ್ಕದ ಕುಷ್ಟಗಿ ನಿಜಾಮರದು. ಒಂದೇ ದಿನದ ನಡಿಗೆಯಲ್ಲಿ ಒಬ್ಬ ಜೋಗಪ್ಪ ಒಂದು ಕಾನೂನು ಬಿಟ್ಟು ಇನ್ನೊಂದಕ್ಕೆ ಕಾಲಿಡುತ್ತಿದ್ದಳು. ತೆಲಂಗಾಣದಲ್ಲಿ ಉಳಿದುಕೊಂಡಿದ್ದ ಆ ಕಾಯ್ದೆಯನ್ನು ಅಲ್ಲಿನ ಹೈಕೋರ್ಟು ರದ್ದು ಮಾಡಿದ್ದು 2023ರಲ್ಲಿ. ಅಷ್ಟು ಹಿಂದೆ ಹೋಗುವುದೂ ಬೇಡ. ನಮ್ಮದೇ ಕರ್ನಾಟಕ ಪೊಲೀಸ್ ಕಾಯ್ದೆಗೆ 2011ರಲ್ಲಿ 36ಎ ಅನ್ನುವ ಕಲಮು ಸೇರಿತು. ಅನುಮಾನವಿದ್ದ ಹಿಜ್ರಾಗಳ ಹೆಸರು, ವಾಸದ ರಿಜಿಸ್ಟರ್ ಇಡುವ ಅಧಿಕಾರ ಅದರಲ್ಲಿತ್ತು. ಸಮುದಾಯದವರು ಹೈಕೋರ್ಟಿಗೆ ಹೋದ ಮೇಲೆ ಅದರ ಪದ ಬದಲಾಯಿತು.

ನನ್ನ ಪಟ್ಟಿಯನ್ನು ಪಕ್ಕಕ್ಕಿಟ್ಟು ನೋಡಿದೆ. ಹೆಸರು, ಊರು, ಗುರು. ಕಾಲಂಗಳು ಅವೇ.

ಅಳಿಸಿಬಿಟ್ಟೆ. ಈಗ ಎರಡು ಬಗೆಯ ನೋಟ್‌ಬುಕ್ ಇವೆ. ಒಂದರಲ್ಲಿ ವಸ್ತುವಿಗೆ ಒಂದು ನಂಬರು, ಅದರ ವಿವರ, ಸಿಕ್ಕ ತಾಲ್ಲೂಕು, ಯಾರು ಯಾವಾಗ ನೋಡಬಹುದೆಂಬ ಕರಾರು. ಇನ್ನೊಂದರಲ್ಲಿ ಯಾವ ನಂಬರು ಯಾರದು ಅಂತ ಮಾತ್ರ. ಎರಡನೆಯದು ನನ್ನ ಮನೆಯಲ್ಲಿಲ್ಲ, ಕಂಪ್ಯೂಟರಿನಲ್ಲೂ ಇಲ್ಲ. ಅದನ್ನು ಇಟ್ಟುಕೊಂಡಿರುವವರನ್ನು ಸಮುದಾಯದ ಹಿರಿಯರೇ ಆರಿಸಿದ್ದು. ಕರಾರಿನ ಕಾಲಂ ಹೆಚ್ಚಾಗಿ ಅವರವರ ಮಾತಿನಲ್ಲೇ ಇದೆ: "ನಾ ಸತ್ತ ಮ್ಯಾಲ", "ನಮ್ಮಣ್ಣ ಇರೋತನಕ ಬ್ಯಾಡ", "ಹಾಡು ಕೇಳಿಸು, ಮುಖ ತೋರಸಬ್ಯಾಡ". 2018ರ ಸೆಪ್ಟೆಂಬರ್ 6ರಂದು ಸಲಿಂಗ ಸಂಬಂಧ ಅಪರಾಧವಲ್ಲವೆಂದು 377ನೇ ಕಲಮಿನ ತೀರ್ಪು ಬಂದಾಗ ಇನ್ನು ಈ ಕರಾರುಗಳು ಬೇಡವೇನೋ ಅಂತ ನಾಲ್ಕೈದು ಜನರನ್ನು ಕೇಳಿ ನೋಡಿದೆ. ಒಬ್ಬರೂ ಬದಲಿಸಲಿಲ್ಲ. "ಕೋರ್ಟು ದಿಲ್ಲ್ಯಾಗ ಐತಿ, ನಮ್ಮಣ್ಣ ಬಾಜೂ ಮನ್ಯಾಗ ಅದಾನ," ಅಂದರು ಒಬ್ಬರು.

3. ಫೋಟೊಗಳಿಗೆ ಲ್ಯಾಮಿನೇಷನ್ ಬೇಡ.

ಹನ್ನೊಂದು ಫೋಟೊ ಹಾಳು ಮಾಡಿದ್ದೇನೆ. ಸವದತ್ತಿ ಎಲ್ಲಮ್ಮನ ಜಾತ್ರೆಯಲ್ಲಿ ಬಣ್ಣದ ಪರದೆಯ ಮುಂದೆ ನಿಂತು ತೆಗೆಸಿಕೊಂಡ ಕಪ್ಪು-ಬಿಳುಪು ಫೋಟೊಗಳವು. ಧೂಳು ತಾಗದಿರಲಿ ಅಂತ ಅಂಗಡಿಗೆ ಒಯ್ದು ಪ್ಲಾಸ್ಟಿಕ್ ಹಾಕಿಸಿದೆ. ಮೂರು ಬೇಸಿಗೆಯಲ್ಲಿ ಒಳಗೆ ಗುಳ್ಳೆ ಎದ್ದು ಪ್ಲಾಸ್ಟಿಕ್ ಹಳದಿಯಾಯಿತು. ಬಿಸಿಗೆ ಅಂಟಿದ್ದನ್ನು ಫೋಟೊ ಹರಿಯದೆ ಬಿಡಿಸಲಾಗದು. ಈಗ ಬಣ್ಣವಿಲ್ಲದ ಹತ್ತಿ ಬಟ್ಟೆ ಅಥವಾ ಆಮ್ಲವಿಲ್ಲದ ಕಾಗದದ ಲಕೋಟೆ, ಹಿಂದೆ ಬರೆಯುವುದಾದರೆ ಮೆತ್ತನೆಯ ಪೆನ್ಸಿಲ್ಲು. ಬಾಲ್‌ಪೆನ್ನಿನ ಒತ್ತು ಮುಂದಿನ ಮುಖದ ಮೇಲೆ ಗೆರೆಯಾಗಿ ಮೂಡುತ್ತದೆ.

4. ಹುಣ್ಣಿಮೆ ಯಾವುದು ಅಂತ ನೋಡಿ ಹೋಗಿ.

ಇಳಕಲ್ಲಿನ ಆ ಅವ್ವ ಕಡೆಗೂ ಹಾಡಲು ಒಪ್ಪಿದಾಗ ನಾನು ಹೋದದ್ದು ಡಿಸೆಂಬರಿನಲ್ಲಿ, ಹೊಸ್ತಿಲ ಹುಣ್ಣಿಮೆ ಕಳೆದ ವಾರ. ಬಸ್ಸಿನ ಅನುಕೂಲ, ನನ್ನ ರಜೆ, ಇಷ್ಟೇ ನೋಡಿದ್ದೆ. ಆಕೆಯ ಕೈಯಲ್ಲಿ ಬಳೆ ಇರಲಿಲ್ಲ. ಗಂಡ ಜಮದಗ್ನಿ ಸತ್ತು ಎಲ್ಲಮ್ಮ ವಿಧವೆಯಾಗುವುದು ಆ ಹುಣ್ಣಿಮೆಗೆ. ಮುತ್ತು ಕಟ್ಟಿಸಿಕೊಂಡವರು ಆಗ ಬಳೆ ಒಡೆದುಕೊಳ್ಳುತ್ತಾರೆ. ಮತ್ತೆ ಹಸಿರು ಬಳೆ ಇಡುವುದು ಭರತ ಹುಣ್ಣಿಮೆಗೆ, ಗಂಡ ಎದ್ದುಬಂದು ತಾಯಿ ಮುತ್ತೈದೆಯಾದ ಮೇಲೆ. ನಾನು ಬಾಗಲಕೋಟೆ ಜಿಲ್ಲೆಯಲ್ಲೇ ಹುಟ್ಟಿ ಬೆಳೆದವನು, ಇದನ್ನು ಕೇಳಿ ಬಲ್ಲವನು. ಆದರೂ ಅಂದು ಹೋಗಿ ತಾಯಿಯ ಮದುವೆಯ ಹಾಡು ಹೇಳು ಅಂತ ಕೇಳಿದೆ. ಆಕೆ ಸಿಟ್ಟಾಗಲಿಲ್ಲ. "ಈಗ ಬ್ಯಾಡಪಾ, ತಾಯಿ ದುಃಖದಾಗ ಅದಾಳ," ಅಂದಳು.

ಫೆಬ್ರವರಿಯಲ್ಲಿ ಹೋದೆ. ಹಸಿರು ಬಳೆ, ಹಣೆತುಂಬ ಭಂಡಾರ. ಮೂರು ತಾಸು ಹಾಡಿದಳು. ನಾನು ಅದುವರೆಗೆ ಬೇರೆಯವರಿಂದ ತಂದಿದ್ದ ಕ್ಯಾಸೆಟ್ಟುಗಳ ಮೇಲೆ ಇಸವಿ, ತಾರೀಖು ಮಾತ್ರ ಬರೆದಿದ್ದೆ. ಅವೆಲ್ಲವನ್ನೂ ಮತ್ತೆ ಕೇಳಿ, ಕೊಟ್ಟವರನ್ನು ಮತ್ತೆ ಕಂಡು, ಯಾವ ಹುಣ್ಣಿಮೆ, ಗುಡಿಯೋ ಮನೆಯೋ ದಾರಿಯೋ, ಚೌಡಿಕೆ ಯಾರು ಹಿಡಿದಿದ್ದರು, ತಾಯಿಯ ಕೊಡ ಯಾರು ಹೊತ್ತಿದ್ದರು ಅಂತ ಬರೆಯಲು ಎರಡು ವರ್ಷ ಹಿಡಿಯಿತು. ಐದು ಕ್ಯಾಸೆಟ್ಟಿನವರು ಅಷ್ಟರಲ್ಲಿ ತೀರಿಹೋಗಿದ್ದರು. ಅವುಗಳ ಮೇಲೆ ಇಂದಿಗೂ ತಾರೀಖು ಮಾತ್ರ ಇದೆ.

5. ನಿಮ್ಮ ಹೆಸರನ್ನು ಅವರಿಗೆ ಹಚ್ಚಬೇಡಿ.

ಮೊದಲ ವರ್ಷ ಎಲ್ಲದರ ಮೇಲೂ "ಲಿಂಗತ್ವ ಅಲ್ಪಸಂಖ್ಯಾತರು" ಅಂತ ಚೀಟಿ ಅಂಟಿಸಿದೆ. ಸಭೆಗಳಲ್ಲಿ ಕಲಿತ ಶಬ್ದ, ಹೋರಾಟಕ್ಕೆ ಬೇಕಾದ ಶಬ್ದ. ಆದರೆ ಅವ್ವನಿಗೆ ತಾನು ಜೋಗವ್ವ, ತಾಯಿ ಹಿಡಿದವಳು. "ನಾ ಹಿಜ್ರಾ ಅಲ್ಲ, ನಾ ಆಪರೇಷನ್ ಮಾಡಿಸಿಲ್ಲ, ನಂಗ ತಾಯಿ ಸೀರಿ ಉಡಿಸ್ಯಾಳ," ಅನ್ನುತ್ತಿದ್ದಳು. ಬಾಗಲಕೋಟೆಯ ಬಸ್‌ಸ್ಟ್ಯಾಂಡಿನಲ್ಲಿ ನನಗೆ ಪರಿಚಯವಾದ ಗೆಳೆಯನಿಗೆ ತಾನು ಕೋತಿ. ಜೋಗಪ್ಪ ಅಂದರೆ ಆತ ಒಪ್ಪುತ್ತಿರಲಿಲ್ಲ. ಮುಂಬೈ, ಪುಣೆಗೆ ಹೋಗಿ ಹಿಜ್ರಾ ಜಮಾತು ಸೇರಿ ಬಂದವರ ಮಾತು ಬೇರೆ, ನಂಟಿನ ಲೆಕ್ಕವೂ ಬೇರೆ. ಈಗ ಚೀಟಿಯ ಮೇಲೆ ಅವರು ತಮ್ಮನ್ನು ಕರೆದುಕೊಂಡ ಹೆಸರು ಮೊದಲು, ನನ್ನ ಶಬ್ದ ಕೆಳಗೆ, ಬೇರೆ ಬಣ್ಣದಲ್ಲಿ.

ಇದಕ್ಕಿಂತ ಸೂಕ್ಷ್ಮವಾದ ತಪ್ಪು ಬಾದಾಮಿಯಲ್ಲಿ ಆಯಿತು. ಬನಶಂಕರಿ ಜಾತ್ರೆಗೆ ನಾಟಕ ಕಂಪನಿಗಳು ಬಂದು ತಿಂಗಳುಗಟ್ಟಲೆ ಕ್ಯಾಂಪು ಹಾಕುವುದು ಎಲ್ಲರಿಗೂ ಗೊತ್ತು. ಹೆಣ್ಣುಮಕ್ಕಳು ರಂಗಕ್ಕೆ ಬರದ ಕಾಲದಲ್ಲಿ ಸ್ತ್ರೀಪಾತ್ರ ಮಾಡಿದವರ ಹಳೆಯ ಫೋಟೊಗಳನ್ನು ಒಂದು ಮನೆಯಲ್ಲಿ ಕಂಡೆ. ಇವರೂ ನಮ್ಮವರೇ ಅಂತ ಎದೆ ಉಬ್ಬಿ ಹಾಗೇ ಬರೆದುಕೊಂಡೆ. ಆ ನಟರೊಬ್ಬರ ಮಗಳು, ಆಗಲೇ ಅಜ್ಜಿಯಾದವರು, ನನ್ನ ಬರಹ ಓದಿಸಿ ಕೇಳಿ, "ನಮ್ಮಪ್ಪ ಹೆಂಗ ಇದ್ರು ಅನ್ನೋದು ನಿಮಗ ಹೆಂಗ ಗೊತ್ತಾತು?" ಅಂದರು. ನನಗೆ ಗೊತ್ತಿರಲಿಲ್ಲ. ಸೀರೆ ಉಟ್ಟು ರಂಗಕ್ಕೆ ಬಂದರೆ ಹೆಂಗಸರೇ ಅವರ ಉಡುಗೆ-ತೊಡುಗೆಯನ್ನು ಅನುಕರಿಸುತ್ತಿದ್ದ ಮರಾಠಿ ರಂಗಭೂಮಿಯ ಬಾಲಗಂಧರ್ವರಿದ್ದರು. ನಮ್ಮ ಬೀಳಗಿಯ ಗೋಹರಬಾಯಿ ಕರ್ನಾಟಕಿ ಅವರ ಕಂಪನಿ ಸೇರಿ ಜೊತೆಗೆ ಬಾಳಿದರು. ಪಾತ್ರ ನೋಡಿ ಮನಸ್ಸು ಹೇಳುವ ಹಕ್ಕು ಯಾರಿಗೂ ಇಲ್ಲ. ಆ ಫೋಟೊಗಳು ಟ್ರಂಕಿನಲ್ಲಿವೆ, "ಸ್ತ್ರೀಪಾತ್ರ, ಬಾದಾಮಿ" ಅನ್ನುವ ಎರಡೇ ಮಾತಿನೊಡನೆ.

ಇದೇ ಜಾಗದಲ್ಲಿ ಹೇಳಬೇಕಾದ ಇನ್ನೊಂದಿದೆ. ಹೆಣ್ಣನ್ನು ಮೆಚ್ಚಿದ ಹೆಣ್ಣುಮಕ್ಕಳ ಬಗ್ಗೆ ನನ್ನಲ್ಲಿ ಇರುವುದು ನಾಲ್ಕು ಪತ್ರ, ಅಷ್ಟೆ. ನಾನು ತಿರುಗಿದ್ದು ಗಂಡಸರು ತಿರುಗುವ ಜಾಗಗಳಲ್ಲಿ. ಅವರು ಬಸ್‌ಸ್ಟ್ಯಾಂಡಿನಲ್ಲಿ ಇರಲಿಲ್ಲ. ಅಡುಗೆಮನೆಯಲ್ಲಿ, ಮಗ್ಗದ ಕೋಣೆಯಲ್ಲಿ, ಹತ್ತಿ ಬಿಡಿಸುವ ಹೊಲದಲ್ಲಿ ಇದ್ದರು. ಎಚ್‌ಐವಿ ಯೋಜನೆಗಳು ಅವರನ್ನು ಹುಡುಕಲಿಲ್ಲ, ಆ ಯೋಜನೆಯಿಂದ ಬಂದ ನಾನೂ ಹುಡುಕಲಿಲ್ಲ. ಈಗ ಹುನಗುಂದದ ಒಬ್ಬ ಅಕ್ಕ ಆ ಕೆಲಸ ಕೈಗೆತ್ತಿಕೊಂಡಿದ್ದಾರೆ. ಅವರು ಏನು ಕೂಡಿಸಿದ್ದಾರೆ ಅಂತ ನಾನು ಕೇಳಿಲ್ಲ. ಹೇಳಬೇಕೆನಿಸಿದಾಗ ಅವರೇ ಹೇಳಲಿ.

6. ಹೊಳೆ ದಂಡೆಯಲ್ಲಿ ಒಂದೇ ಪ್ರತಿ ಇಡಬೇಡಿ.

ಹಳೆ ಬಾಗಲಕೋಟೆ ಆಲಮಟ್ಟಿಯ ಹಿನ್ನೀರಿಗೆ ಹೋದಾಗ ಮನೆಗಳ ಜೊತೆ ಎಷ್ಟು ಕಾಗದ, ಎಷ್ಟು ಫೋಟೊ ಹೋದವೆಂದು ನಮ್ಮೂರಿನವರಿಗೆ ಬೇರೆ ಹೇಳಬೇಕಿಲ್ಲ. ಗೊತ್ತಿದ್ದೂ ಎಡವಿದೆ. ನನ್ನ ಕೋಣೆಗೆ ತಗಡಿನ ಛತ್ತು. ಏಪ್ರಿಲ್-ಮೇದಲ್ಲಿ ಒಳಗೆ ಕೂರಲಾಗದು, ಕ್ಯಾಸೆಟ್ಟುಗಳು ಬೆಂದುಹೋಗುತ್ತವೆ ಅಂತ ಬಾದಾಮಿ ತಾಲ್ಲೂಕಿನಲ್ಲಿ ಮಲಪ್ರಭೆಯ ದಂಡೆಯ ಹಳ್ಳಿಯ ಗೆಳೆಯನ ಮಣ್ಣಿನ ಮಾಳಿಗೆ ಮನೆಯಲ್ಲಿ ಟ್ರಂಕು ಇಟ್ಟಿದ್ದೆ. ತಂಪು ಮನೆ, ಯೋಚನೆ ಸರಿಯಿತ್ತು. 2009ರ ನೆರೆಯಲ್ಲೂ ಆ ಮನೆಗೆ ನೀರು ಬಂದಿರಲಿಲ್ಲ ಅಂದಿದ್ದರು.

2019ರ ಆಗಸ್ಟಿನಲ್ಲಿ ನವಿಲುತೀರ್ಥ ಅಣೆಕಟ್ಟೆಯಿಂದ ನೀರು ಬಿಟ್ಟರು. ಪಟ್ಟದಕಲ್ಲಿನ ಗುಡಿಗಳೊಳಗೇ ಹೊಳೆ ನುಗ್ಗಿತು. ಗೆಳೆಯನ ಮನೆಯವರು ದನ ಬಿಚ್ಚಿಕೊಂಡು ಮಕ್ಕಳನ್ನು ಎತ್ತಿಕೊಂಡು ಓಡಿದರು. ನನ್ನ ಟ್ರಂಕು ನೆನಪಾಗದ್ದು ಸರಿಯೇ. ನಾಲ್ಕನೇ ದಿನ ನಾನು ತಲುಪಿದಾಗ ಮನೆಯ ಒಂದು ಗೋಡೆ ಇರಲಿಲ್ಲ. ಕೆಸರಿನಲ್ಲಿ ಹೂತ ಟ್ರಂಕಿನಲ್ಲಿ ಕಂದು ನೀರು ನಿಂತಿತ್ತು.

ಆಮೇಲೆ ನಾನು ಮಾಡಿದ್ದು ನೆರೆಗಿಂತ ಹೆಚ್ಚು ಕೆಡಿಸಿತು. ಕ್ಯಾಸೆಟ್ಟುಗಳನ್ನು ಬಿಸಿಲಿಗೆ ಹರವಿದೆ, ಟೇಪು ಸೊಟ್ಟಗಾಯಿತು. ಒಣಗಿತು ಅಂದುಕೊಂಡು ಒಂದನ್ನು ಹಾಕಿ ನೋಡಿದೆ, ಒಳಗಿನ ಕೆಸರು ಉಜ್ಜಿ ಹಾಡು ಅಲ್ಲೇ ಹರಿಯಿತು. ಸಂಘದ ಮೀಟಿಂಗ್ ಪುಸ್ತಕದ ಹಾಳೆಗಳನ್ನು ಬಿಡಿಸಲು ಹೋಗಿ ಮುದ್ದೆ ಮಾಡಿದೆ. ಒಂಬತ್ತು ಕ್ಯಾಸೆಟ್ಟು ಪೂರಾ ಹೋದವು. ನೀರಿಗೆ ಬಿದ್ದ ಕ್ಯಾಸೆಟ್ಟನ್ನು ಶುದ್ಧ ನೀರಲ್ಲಿ ಮೆಲ್ಲಗೆ ತೊಳೆದು ನೆರಳಲ್ಲಿ ಒಣಗಿಸಬೇಕು, ತಿಳಿದವರ ಕೈಗೆ ಕೊಡುವವರೆಗೆ ಯಂತ್ರಕ್ಕೆ ಹಾಕಲೇಬಾರದು. ಹಾಳೆಗಳನ್ನು ಒತ್ತಾಯದಿಂದ ಬಿಡಿಸದೆ, ನಡುವೆ ಅಚ್ಚಿಲ್ಲದ ಬಿಳಿ ಕಾಗದ ಇಟ್ಟು ಬದಲಿಸುತ್ತ ಫ್ಯಾನಿನ ಗಾಳಿಗೆ ಬಿಡಬೇಕು. ಬಹಳ ಇದ್ದರೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಫ್ರೀಜರಿನಲ್ಲಿಟ್ಟರೆ ಬೂಸ್ಟು ಹಿಡಿಯದೆ ಯೋಚಿಸಲು ಸಮಯ ಸಿಗುತ್ತದೆ. ಐಸ್‌ಕ್ರೀಮ್ ಅಂಗಡಿಯವರನ್ನು ಕೇಳಿದ್ದರೂ ಸಾಕಿತ್ತು.

ಉಳಿದ ಕ್ಯಾಸೆಟ್ಟುಗಳ ಪ್ರತಿ ಮಾಡಿಟ್ಟಿದ್ದೆನಲ್ಲ ಅಂತ ಸಮಾಧಾನ ಪಟ್ಟುಕೊಂಡೆ. ಅವೂ ಜಾಗ ಉಳಿಸಲು ಬಿಗಿಯಾಗಿ ಒತ್ತಿದ ಎಂಪಿ3 ಫೈಲುಗಳು. ಚೌಡಿಕೆಯ ತಂತಿಯ ಗುಂಯ್ ಅನ್ನುವ ದನಿ ಅದರಲ್ಲಿ ಸತ್ತಿತ್ತು. ಈಗ ಮೊದಲ ಪ್ರತಿ ಒತ್ತದ ವೇವ್ ಫೈಲು. ಎರಡು ಡಿಸ್ಕು, ಎರಡು ಊರು, ಆರು ತಿಂಗಳಿಗೊಮ್ಮೆ ತೆರೆದು ನೋಡುವುದು.

ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯಲ್ಲಿ ಕಮ್ರಾ ಅನ್ನುವ ದಾಖಲೆ ಸಂಗ್ರಹವಿದೆ. ಚಿತ್ರ ನಿರ್ದೇಶಕಿ ಟಿ. ಜಯಶ್ರೀ ವರ್ಷಗಟ್ಟಲೆ ಚಿತ್ರಿಸಿಟ್ಟ ದೃಶ್ಯಗಳಿಂದ ಬೆಳೆದದ್ದು. ನಮ್ಮಂಥವರ ಕಾಗದಕ್ಕೂ ಒಂದು ಕೋಣೆ, ಒಂದು ಕಪಾಟು ಇದೆ ಅಂತ ತಿಳಿದಾಗ ಕಣ್ಣು ತುಂಬಿತ್ತು. ಎಲ್ಲ ಅಲ್ಲಿಗೇ ಕಳಿಸಿಬಿಡೋಣ ಅಂತ ಹಿರಿಯರ ಮುಂದೆ ಪ್ರಸ್ತಾಪ ಇಟ್ಟೆ. ಮತ್ತೆ ಅದೇ ಪ್ರಶ್ನೆ ಬಂತು: ಅಲ್ಲಿ ಯಾರ ಕೈಯಾಗ ಇರತೈತಿ? ನೋಡಬೇಕೆನಿಸಿದರೆ ರಾತ್ರಿ ಬಸ್ಸಿಗೆ ರೊಕ್ಕ ಯಾರು ಕೊಡ್ತಾರ? ಮೂಲ ಇಲ್ಲೇ, ಪ್ರತಿ ದೂರದ ಊರಿಗೆ ಅಂತ ತೀರ್ಮಾನವಾಯಿತು. ಯಾವ ಪ್ರತಿ, ಯಾವಾಗ ಅನ್ನುವ ಮಾತು ಇನ್ನೂ ನಡೆದಿದೆ.

7. ಸೀರೆಯ ಕಥೆಯನ್ನೂ ಬರೆದುಕೊಳ್ಳಿ.

ಹುನಗುಂದದ ಕಡೆಯವಳೊಬ್ಬಳು ತೀರಿಕೊಳ್ಳುವ ಮೊದಲು ಒಂದು ಇಳಕಲ್ ಸೀರೆ ಕೊಟ್ಟಳು. ಕೆಂಪು ಸೆರಗು, ಬಿಳಿಯ ತೋಪು ತೆನಿ ಚಿತ್ತಾರ. ಪ್ಲಾಸ್ಟಿಕ್ ಕವರಿನಲ್ಲಿ ಮಡಿಚಿ, ಡಾಂಬರು ಗುಳಿಗೆ ಹಾಕಿ ಇಟ್ಟೆ. ಮೂರು ವರ್ಷದ ಮೇಲೆ ಬಿಚ್ಚಿದರೆ ಮಡಿಕೆಯ ಗೆರೆಯಲ್ಲೇ ಸೆರಗು ಸೀಳಿತ್ತು. ಇಳಕಲ್ಲಿನ ನೇಕಾರರೊಬ್ಬರಿಗೆ ತೋರಿಸಿದೆ. ಅವರು ಮೊದಲು ಹುಡುಕಿದ್ದು ಒಡಲಿನ ಹಾಸೂ ಸೆರಗಿನ ಹಾಸೂ ಕೂಡುವ ಜಾಗವನ್ನು. ಹತ್ತಿಯ ಎಳೆಗೆ ರೇಷ್ಮೆಯ ಎಳೆಯನ್ನು ಒಂದೊಂದಾಗಿ ಕೊಂಡಿ ಹಾಕಿ ಜೋಡಿಸುವುದು ಆ ಸೀರೆಯ ಗುರುತು. "ಕೊಂಡಿ ಐತ್ರಿ, ಕೈಮಗ್ಗದ್ದು. ಕೊಂಡಿ ಹರದಿಲ್ಲ, ಮಡಿಕಿ ಹರದೈತಿ," ಅಂದರು. ಮಡಿಚಬೇಡಿ, ಬಟ್ಟೆ ಸುತ್ತಿದ ಕೊಳವೆಗೆ ಸುರುಳಿ ಸುತ್ತಿ ಇಡಿ ಅಂತ ಕಲಿಸಿದವರೂ ಅವರೇ.

ಸೀರೆಗಿಂತ ಹೆಚ್ಚಿನದನ್ನು ಕಳೆದುಕೊಂಡಿದ್ದೆ. ಕೊಡುವಾಗ ಆಕೆ ಏನೋ ಹೇಳುತ್ತಿದ್ದಳು, ನಾನು ನಂಬರು ಬರೆಯುವ ಗಡಿಬಿಡಿಯಲ್ಲಿದ್ದೆ. ಆಕೆ ತೀರಿದ ಮೇಲೆ ಗೆಳತಿಯೊಬ್ಬಳು ತಿಳಿಸಿದಳು: ಹದಿನಾರು ವರ್ಷ ಮಾತು ಬಿಟ್ಟಿದ್ದ ತಾಯಿ ಬನಶಂಕರಿ ಜಾತ್ರೆಯಲ್ಲಿ ಕೊಂಡು, ತಾನೇ ಬಂದು ಉಡಿಸಿದ ಸೀರೆಯಂತೆ ಅದು. ನನ್ನ ನೋಟ್‌ಬುಕ್ಕಿನಲ್ಲಿ ಇದ್ದದ್ದು: "ಸೀರೆ, ಕೆಂಪು ಸೆರಗು, 1."

8. ವಾಪಸ್ ಕೇಳಿದರೆ ಕೊಟ್ಟುಬಿಡಿ.

ಬಾಗಲಕೋಟೆಯ ಒಬ್ಬ ಗೆಳೆಯ ತಾನೂ ಇನ್ನೊಬ್ಬನೂ ಬರೆದುಕೊಂಡ ಇಪ್ಪತ್ತಕ್ಕೂ ಹೆಚ್ಚು ಪತ್ರ ಕೊಟ್ಟಿದ್ದ. ತೊಂಬತ್ತರ ದಶಕದವು, ಇನ್‌ಲ್ಯಾಂಡ್ ಪತ್ರದ ಮೂರೂ ಮಡಿಕೆ ತುಂಬ ಸಣ್ಣ ಅಕ್ಷರ. ನನ್ನ ಸಂಗ್ರಹದಲ್ಲಿ ಅಷ್ಟು ಬೆಲೆಯ ವಸ್ತು ಬೇರೆ ಇರಲಿಲ್ಲ. ನಾಲ್ಕು ವರ್ಷದ ಮೇಲೆ ಬಂದು, ಮಗಳ ಮದುವೆ ಗೊತ್ತಾಗಿದೆ, ವಾಪಸ್ ಕೊಡು ಅಂದ. ನಾನು ವಾದ ಮಾಡಿದೆ. ಮುಂದಿನವರಿಗೆ ಬೇಕು, ಹೆಸರು ಮುಚ್ಚುತ್ತೇನೆ, ಐವತ್ತು ವರ್ಷ ಯಾರಿಗೂ ತೋರಿಸುವುದಿಲ್ಲ ಅಂತ ಒಂದು ತಾಸು ಕೂರಿಸಿದೆ. ಆತ ಎದುರು ಮಾತಾಡಲಿಲ್ಲ. ಅಳುತ್ತ ಕೂತ. ಆ ಮುಖ ನೋಡಿದಾಗ ನನ್ನ ಮನೆಯವರ ಮುಂದೆ ನಾನು ಕೂತ ದಿನ ನೆನಪಾಯಿತು. ಪತ್ರಗಳನ್ನೂ ಪ್ರತಿಗಳನ್ನೂ ಕೊಟ್ಟೆ; ಡಿಸ್ಕಿನಿಂದ ಅವನ ಎದುರೇ ಅಳಿಸಿದೆ. ಆ ಒಂದು ತಾಸಿಗೆ ಕ್ಷಮೆ ಕೇಳಿದ್ದು ಮಾತ್ರ ಒಂದು ವರ್ಷ ತಡವಾಗಿ.

ಸತ್ತವರ ವಸ್ತುವಿನ ವಿಷಯ ಇನ್ನೂ ತೊಡಕಿನದು. ರಕ್ತಸಂಬಂಧಿಗಳು ಬಂದು ಕೇಳುತ್ತಾರೆ, ಶಿಷ್ಯಮಕ್ಕಳೂ ಕೇಳುತ್ತಾರೆ. ಕೊಡ, ಚೌಡಿಕೆ ಗುರುವಿನಿಂದ ಶಿಷ್ಯಳಿಗೆ ಹೋಗುವುದು ಪದ್ಧತಿ; ಕಾಗದದ ಕಾನೂನಿಗೆ ಆ ನಂಟು ಕಾಣುವುದಿಲ್ಲ. ಕಾಳವ್ವ ಜೋಗತಿಯಿಂದ ಮಂಜಮ್ಮ ಜೋಗತಿಗೆ ಕುಣಿತ, ಹಾಡು ದಾಟಿದ್ದು ಹಾಗೆಯೇ. ಆ ಮಂಜಮ್ಮ 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. ಮುಂದೆ ಪದ್ಮಶ್ರೀ ಪಡೆಯುವ ಹೊತ್ತಿಗೆ ರಾಷ್ಟ್ರಪತಿಯವರಿಗೆ ಸೆರಗಿನಿಂದ ದೃಷ್ಟಿ ತೆಗೆದರು. ಅಂದು ಅವ್ವನ ಮನೆಯಲ್ಲಿ ಟಿವಿ ಮುಂದೆ ನಾವೆಲ್ಲ ಇದ್ದೆವು. ಅವ್ವ ಕೂತಲ್ಲಿಂದಲೇ ಸೆರಗು ಎತ್ತಿ ಟಿವಿಗೆ ನಿವಾಳಿಸಿದಳು. ಈಗ ನಾನು ವಸ್ತು ತೆಗೆದುಕೊಳ್ಳುವಾಗಲೇ ಕೇಳುತ್ತೇನೆ: ನಿಮ್ಮ ಹಿಂದೆ ಇದು ಯಾರ ಕೈಯಾಗ ಇರಬೇಕು? ಇಬ್ಬರು ಸಾಕ್ಷಿಗಳ ಮುಂದೆ ಬರೆಸಿಕೊಳ್ಳುತ್ತೇನೆ, ಬರೆಯಲು ಬಾರದವರ ಮಾತನ್ನು ರೆಕಾರ್ಡ್ ಮಾಡುತ್ತೇನೆ.

9. ಅವರ ದನಿಯನ್ನು ಅವರ ಮನೆಗೇ ಒಯ್ದು ಕೇಳಿಸಿ.

ಅವ್ವ ತನ್ನ ಹಾಡುಗಳಿಗೆ ಬರೆಸಿದ ಕರಾರು ಒಂದೇ. ತಾನು ಹೋದ ಮೇಲೆ ಪ್ರತಿ ಭರತ ಹುಣ್ಣಿಮೆಗೆ ತನ್ನ ಮನೆಯಲ್ಲಿ ಶಿಷ್ಯಮಕ್ಕಳ ಮುಂದೆ ಅವನ್ನು ಹಚ್ಚಬೇಕು. "ಹಾಡು ಡಬ್ಬ್ಯಾಗ ಇಟ್ರ ಉಸಿರು ಕಟ್ಟತೈತಿ," ಅಂದಿದ್ದಳು. ಆಕೆ ಹೋಗಿ ಎರಡನೇ ವರ್ಷ ನಾನು ಸ್ಪೀಕರ್ ಹೊತ್ತುಕೊಂಡು ಇಳಕಲ್ಲಿಗೆ ಹೋದೆ. ಮೊದಲ ವರ್ಷ ಹೋಗಿರಲಿಲ್ಲ, ಕೆಲಸವಿತ್ತು ಅಂತ. ಆ ತಪ್ಪನ್ನೂ ಇಲ್ಲಿ ಬರೆದಿಡುತ್ತೇನೆ.

ಎಂಟು ಮಂದಿ ಕೂತಿದ್ದರು. ನಾಲ್ಕನೇ ಹಾಡಿಗೆ ಹಿರಿಯ ಶಿಷ್ಯಳು ಕೈ ಎತ್ತಿ ನಿಲ್ಲಿಸಿದಳು. "ಇಲ್ಲಿ ಅವ್ವ ಒಂದ ನುಡಿ ಬಿಟ್ಟಾಳ," ಅಂದಳು. ಉಳಿದವರು ಹೌದು ಅಂದರು. ಒಬ್ಬಳು ಇಲ್ಲ, ಅವ್ವ ಬೇಕಂತಲೇ ಬಿಡುತ್ತಿದ್ದಳು, ಅದು ತಾಯಿಗೆ ನೋವು ಕೊಡುವ ನುಡಿ ಅಂದಳು. ಅರ್ಧ ತಾಸು ಜಗಳವಾಯಿತು. ಆಮೇಲೆ ಹಿರಿಯವಳು ಗೂಟದ ಮೇಲಿನ ಚೌಡಿಕೆ ಇಳಿಸಿ, ಬಿಟ್ಟ ನುಡಿ ಸೇರಿಸಿ ಪೂರ್ತಿ ಹಾಡಿದಳು. ನಾನು ರೆಕಾರ್ಡರ್ ಚೀಲದಿಂದ ತೆಗೆಯದೆ ಕೂತಿದ್ದೆ.

"ಯಾಕ ಸುಮ್ನ ಕುಂತಿ ಅಣ್ಣಾ? ಹಚ್ಚು," ಅಂದಳು. ಮತ್ತೊಮ್ಮೆ ಮೊದಲಿಂದ ಹಾಡಿದಳು.